ಚಿಕ್ಕಿಗೆ ಗುರುತು ಸಿಕ್ಕಿದ್ದು

ನಗುವುದಿದ್ದರೆ ಈಗಲೇ ನಕ್ಕುಬಿಡಿ. ನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತದೆ. ಬೇರೆ ಯಾರಾದರೂ ನನ್ನೆದುರು ಇಂಥದ್ದನ್ನು ಹೇಳಿದ್ದರೆ ನಾನು ನಗುವುದಷ್ಟೇ ಅಲ್ಲ, ಅವರು ಸಾಕಪ್ಪಾ ಸಾಕು ಅನ್ನುವ ತನಕ ವಾದ ಮಾಡುತ್ತಿದ್ದೆ. ಹಲ್ಲಿ ಲೊಚಗುಟ್ಟಿದರೆ ನಮ್ಮ ಅತ್ತೆ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಿದ್ದರು. ನಾನು ಹಲ್ಲಿ ಯಾಕೆ ಹಾಗೆ ಸದ್ದು ಮಾಡುತ್ತದೆ ಎಂದು ಊಟದ ನಡುವೆಯೇ ಪಾಠ ಶುರು ಮಾಡುತ್ತಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ನನಗೆ ಆ ಗಾದೆಯೊಂದೇ ಮಂತ್ರ. ಮನೆಯಲ್ಲಿ ನನಗೆ ತಕರಾರಮ್ಮ ಎಂದೇ ಹೆಸರು. ಆ ತಕರಾರಮ್ಮ ಈಗ ಕೂತು, ಕೆಲವು ವರ್ಷಗಳ ಹಿಂದೆ ಶಿಕಾರಿಪುರದ ಕಡೆಯಿಂದ ಸೊರಬದ ಹೊಸಬಾಳೆಗೆ ಹೋದ ಒಂದು ಹಗಲಿನ ಸಂಗತಿ ಬರೆಯುತ್ತಿದ್ದಾಳೆ. ಪ್ರಮಾಣಿಸಿ ನೋಡಿದ್ದೂ ಆಯಿತು. ಏನೂ ಬಗೆಹರಿಯಲಿಲ್ಲ.

ಮೊದಲು ನನ್ನ ಕೆಲಸ ಏನೆಂದು ಹೇಳಬೇಕು, ಇಲ್ಲದಿದ್ದರೆ ಇದರಲ್ಲಿ ವಿಚಿತ್ರವೇನು ಎಂಬುದೇ ತಿಳಿಯುವುದಿಲ್ಲ. ನಾನು ಪಶುವೈದ್ಯೆ, ಊರೂರು ತಿರುಗಿ ಸೂಜಿ ಚುಚ್ಚುವುದನ್ನು ಬಿಟ್ಟು ಪ್ರಯೋಗಾಲಯ ಸೇರಿದವಳು. ಕುರಿಯ ಭ್ರೂಣ ಮೊದಮೊದಲ ದಿನಗಳಲ್ಲಿ ಹೇಗಿರುತ್ತದೆ ಎಂದು ನೋಡುವುದು ನನ್ನ ಪಾಲಿಗೆ ಬಂದ ಕೆಲಸ. ಆಗ ಅದು ಕೆಲವೇ ಜೀವಕೋಶಗಳ ಒಂದು ಉಂಡೆ, ಬರಿಗಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕದು. ಒಂದೊಂದು ಕೋಶದ ಮೈಮೇಲೂ ಗ್ಲೈಕೋಲಿಪಿಡ್ ಎಂಬ ಕಣಗಳಿರುತ್ತವೆ. ಅವುಗಳ ಬುಡ ಕೊಬ್ಬು, ಅದು ಕೋಶದ ಪೊರೆಯಲ್ಲಿ ಹುಗಿದಿರುತ್ತದೆ. ತುದಿ ಸಕ್ಕರೆ, ಅದು ಹೊರಕ್ಕೆ ಚಾಚಿರುತ್ತದೆ. ಆ ಸಕ್ಕರೆಯ ತುದಿಯೇ ಕೋಶದ ಗುರುತು. ಬೆಳವಣಿಗೆಯ ಒಂದೊಂದು ಹಂತಕ್ಕೆ ಒಂದೊಂದು ಗುರುತು; ಒಂದು ಮೂಡುತ್ತದೆ, ನಾಲ್ಕು ದಿನ ಇರುತ್ತದೆ, ಅಳಿಸಿಹೋಗಿ ಬೇರೊಂದು ಬರುತ್ತದೆ. ನೀನು ಚರ್ಮವಾಗು, ನೀನು ನರವಾಗು ಎಂದು ಕೋಶಗಳು ಕೆಲಸ ಹಂಚಿಕೊಳ್ಳುವ ಹೊತ್ತಿಗೆ ಮೊದಲಿನ ಗುರುತನ್ನು ಹುಡುಕಿದರೂ ಸಿಗುವುದು ಕಷ್ಟ.

ಇನ್ನೊಂದು ಸಂಗತಿಯಿದೆ. ಈ ಗುರುತು ಹಿಡಿದೇ ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ. ಅಂಥದೇ ಸಕ್ಕರೆಯನ್ನು ನಾವು ಹೊರಗಿನಿಂದ ತಂದು ಅವನ್ನಿಟ್ಟ ಗಾಜಿನ ತಟ್ಟೆಗೆ ಸುರಿದರೆ ಅವಕ್ಕೆ ಗೊಂದಲವಾಗುತ್ತದೆ. ತಮ್ಮವರು ಯಾರು, ಸುರಿದದ್ದು ಯಾವುದು ಎಂದು ತಿಳಿಯದೆ ಹಿಡಿದ ಕೈ ಬಿಟ್ಟು ಸಡಿಲಾಗುತ್ತವೆ. ಇಲಿಯ ಭ್ರೂಣದಲ್ಲಿ ಇದನ್ನು ಬಹಳ ಹಿಂದೆಯೇ ಕಂಡಿದ್ದಾರೆ. ಕುರಿಯಲ್ಲಿ ಹೇಗೆ ಎಂಬುದು ನನ್ನ ತಲೆಬಿಸಿಯಾಗಿತ್ತು.

ಭ್ರೂಣ ಬೇಕೆಂದರೆ ಕುರಿ ಬೇಕು. ಕುರಿಗಾಗಿ ಶಿಕಾರಿಪುರ ತಾಲೂಕಿನ ಹಳ್ಳಿಗಳಿಗೆ ಓಡಾಡುತ್ತಿದ್ದೆ. ಹಾಲವ್ವ ಸಿಕ್ಕಿದ್ದು ಹಾಗೆ. ಗಂಡ ತೀರಿಕೊಂಡ ಮೇಲೂ ಕುರಿ ಬಿಡದೆ, ಒಂದಿಷ್ಟು ಮೆಕ್ಕೆಜೋಳ ಬೆಳೆದುಕೊಂಡು, ಆಚೆ ಓಣಿಗೂ ಕೇಳುವಷ್ಟು ಗಟ್ಟಿಯಾಗಿ ಮಾತಾಡಿಕೊಂಡು ಬದುಕುವ ಹೆಂಗಸು. ಅವರ ಮದುವೆಯಲ್ಲಿ ತವರಿನವರು ಒಂದು ಹೆಣ್ಣುಮರಿಯನ್ನು ಬಳುವಳಿಯಾಗಿ ಕೊಟ್ಟಿದ್ದರು. ಕರಿ ಮೈ, ಹಣೆಯ ನಡುವೆ ಬಿಳಿಯ ಚಿಕ್ಕಿ. ಅವರ ತಾಯಿಗೂ ಅದೇ ತಳಿಯ ಮರಿ ಹಾಗೆಯೇ ಬಂದದ್ದಂತೆ. ತಾಯಿಯಿಂದ ಮಗಳಿಗೆ, ಮದುವೆಯ ದಿನ ಹಗ್ಗ ಕೈದಾಟುತ್ತಿತ್ತು. ಹಾಲವ್ವ ತಮ್ಮ ಮಗಳು ರೇಣುಕಾಳನ್ನು ಹೊಸಬಾಳೆಗೆ ಕೊಟ್ಟಾಗ ಮಾತ್ರ ಕೊಡಲು ಮರಿ ಇರಲಿಲ್ಲ. ನೀಲಿನಾಲಿಗೆ ರೋಗ ಬಂದು ಆ ತಳಿಯ ಕುರಿಗಳೆಲ್ಲ ಸತ್ತು, ಉಳಿದದ್ದು ಒಂದೇ ಒಂದು ಮುದಿ ಕುರಿ. ಹೆಸರೂ ಚಿಕ್ಕಿ. ಅದು ಗಬ್ಬ ಕಟ್ಟುತ್ತಿತ್ತು, ಆದರೆ ಪ್ರತಿಸಲವೂ ದಿನ ತುಂಬುವ ಮೊದಲೇ ಕಂದು ಹಾಕುತ್ತಿತ್ತು.

ರೇಣುಕಾಳ ಅತ್ತೆ ಗಿರಿಜಮ್ಮ ಕೆಟ್ಟವರಲ್ಲ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. "ನಿಮ್ಮ ಕಡೆ ಸೊಸೆ ಸಂಗ್ತಿಗೆ ಕುರಿ ಬರ್ತದಂತೆ, ನಮ್ಮನಿಗೆ ಬರೀ ಸೊಸೆ ಬಂತು" ಎಂದು ಬಂದವರೆದುರೆಲ್ಲ ತಮಾಷೆ ಮಾಡುತ್ತಿದ್ದರು. ರೇಣುಕಾ ಇದನ್ನು ಫೋನಿನಲ್ಲಿ ನಗುತ್ತಲೇ ಹೇಳಿದ್ದಳು. ಹಾಲವ್ವನಿಗೆ ನಗು ಬರಲಿಲ್ಲ. ತನ್ನವ್ವನ ತಳಿ ತನ್ನ ಕೈಯಲ್ಲೇ ಕಡಿದುಹೋಗುತ್ತದೆ, ಮಗಳು ಬರಿಗೈಯಲ್ಲಿ ಹೋದವಳಾಗಿಯೇ ಉಳಿಯುತ್ತಾಳೆ ಎಂಬ ಕೊರಗು ಅವರನ್ನು ಒಳಗೇ ತಿನ್ನುತ್ತಿತ್ತು. ನನ್ನ ಹತ್ತಿರ ಅದನ್ನು ಹೇಳಿಕೊಂಡು ಅತ್ತುಬಿಟ್ಟಿದ್ದರು.

"ಚಿಕ್ಕಿಗೆ ಹೊರಲಿಕ್ಕೆ ಆಗದಿದ್ದರೆ ಇನ್ನೊಂದು ಕುರಿ ಹೊರುತ್ತದೆ ಬಿಡಿ" ಎಂದು ನಾನೇ ಹೇಳಿದೆ. ಚಿಕ್ಕಿಯನ್ನು ಟಗರಿಗೆ ಬಿಟ್ಟು, ಆರನೆಯ ದಿನ ಒಂದು ಸಣ್ಣ ಶಸ್ತ್ರಕ್ರಿಯೆ ಮಾಡಿ ಗರ್ಭಕೋಶ ತೊಳೆದು ನೋಡಿದರೆ ಮೂರು ಭ್ರೂಣಗಳು ಸಿಕ್ಕವು. ಎರಡು ಹರಿದ ಹಾಗಿದ್ದವು, ಒಂದು ಗಟ್ಟಿಮುಟ್ಟಾಗಿತ್ತು. ಅದನ್ನು ಬಿಸಿ ಆರದ ಪೆಟ್ಟಿಗೆಯಲ್ಲಿಟ್ಟುಕೊಂಡು ಅದೇ ದಿನ ಹೊಸಬಾಳೆಗೆ ಓಡಿ, ರೇಣುಕಾಳ ಮನೆಯ ಕೆಂದಿ ಎಂಬ ಕುರಿಯ ಹೊಟ್ಟೆಗೆ ಸೇರಿಸಿದೆ. ಕೆಂದಿ ಹಿಂದಿನ ವರ್ಷ ಈದು ಮರಿಯನ್ನು ಬಹಳ ಮುದ್ದಿನಿಂದ ಸಾಕಿದ ಕುರಿ, ಅದಕ್ಕೇ ಆರಿಸಿದ್ದು. ಹರಿದ ಎರಡನ್ನು ನಾನು ಪ್ರಯೋಗಾಲಯಕ್ಕೆ ಒಯ್ದು ಬಣ್ಣ ಹಾಕಿ ನೋಡಿದೆ.

ಆರನೆಯ ದಿನ ಎಂದೆನಲ್ಲ, ಅದನ್ನು ನೆನಪಿಡಿ. ಆಗ ಭ್ರೂಣ ಗರ್ಭಕೋಶಕ್ಕೆ ಅಂಟಿಯೇ ಇರುವುದಿಲ್ಲ, ಸುಮ್ಮನೆ ತೇಲುತ್ತಿರುತ್ತದೆ. ತಾನು ಗಬ್ಬ ಎಂದು ಕುರಿಯ ಮೈಗೆ ಗೊತ್ತಾಗಬೇಕಾದರೆ ಭ್ರೂಣ ಬೆಳೆದು ಒಂದು ಸುಳಿವು ಕೊಡಬೇಕು. ಅದಕ್ಕೆ ಹತ್ತಿರ ಹತ್ತಿರ ಎರಡು ವಾರ ಬೇಕಾಗುತ್ತದೆ. ಇದನ್ನು ನಮ್ಮ ಶಾಸ್ತ್ರದಲ್ಲಿ ತಾಯಿಗೆ ಗುರುತು ಸಿಗುವುದು ಎಂಬ ಅರ್ಥದಲ್ಲೇ ಕರೆಯುತ್ತಾರೆ. ನಾನು ಅದಕ್ಕೂ ಬಹಳ ಮೊದಲೇ ತೆಗೆದಿದ್ದೆ. ಎಂದರೆ ಚಿಕ್ಕಿಯ ಮಟ್ಟಿಗೆ ಏನೂ ನಡೆದೇ ಇರಲಿಲ್ಲ.

ಬಣ್ಣ ಹಾಕಿದ ಭ್ರೂಣದ ಚಿತ್ರವನ್ನು ಹಾಲವ್ವನಿಗೆ ಫೋನಿನಲ್ಲಿ ತೋರಿಸಿದ್ದೆ. ಕತ್ತಲೆಯಲ್ಲಿ ಹಸಿರಾಗಿ ಹೊಳೆಯುವ ಉಂಡೆ. ಅವರು ಫೋನನ್ನು ಕಣ್ಣಿಗೆ ತಾಗಿಸಿಕೊಂಡು ನೋಡಿದರು.

"ಹೊಳಿತೈತಲ್ರೀ, ಏನದು?"

"ಗುರುತು. ಅದರ ಮೈಮೇಲಿನ ಗುರುತು."

"ಗುರುತು ಹಾಕಿದ್ಯಾರ್ರೀ, ನೀವಾ?" ಕುರಿಗೆ ಗುರುತು ಅಂದರೆ ಅವರಿಗೆ ಕಿವಿ ಕತ್ತರಿಸುವುದು, ಬೆನ್ನಿಗೆ ಬಣ್ಣ ಬಳಿಯುವುದು. ಯಾರೂ ಹಾಕಿದ್ದಲ್ಲ, ಅದಾಗಿಯೇ ಬರುತ್ತದೆ, ಮತ್ತೆ ಅದಾಗಿಯೇ ಅಳಿಸಿಹೋಗುತ್ತದೆ ಎಂದೆ.

"ಅಯ್ಯೋ ಶಿವನೇ! ಅಳಿಸಿ ಹೋದ್ಮೇಲೆ ಅದರವ್ವಂಗೆ ಹೆಂಗ್ರೀ ಗುರುತು ಸಿಗಬೇಕು?"

ಅವ್ವನಿಗೂ ಇದಕ್ಕೂ ಸಂಬಂಧವಿಲ್ಲ, ಇದು ಕೋಶ ಕೋಶಗಳ ನಡುವಿನ ವ್ಯವಹಾರ, ಅವ್ವ ಗುರುತಿಸುವುದು ಈದ ಮೇಲೆ ವಾಸನೆಯಿಂದ ಎಂದು ನಾನು ದೊಡ್ಡ ಪಾಠವನ್ನೇ ಮಾಡಿದೆ. ಅವರು ಹೂಂ ಹೂಂ ಎಂದು ಕೇಳಿ, ಕೊನೆಗೆ ಚಹಾ ಕುಡಿರಿ ಎಂದರು.

ಕೆಂದಿ ಗಬ್ಬ ನಿಂತಿತು. ನಮಗೆಲ್ಲ ಹಿಗ್ಗು. ತಿಂಗಳುಗಳು ಕಳೆದವು. ಕೆಂದಿ ಈಯುವ ದಿನ ಹತ್ತಿರ ಬಂದಾಗ ಹಾಲವ್ವನ ಫೋನ್ ಶುರುವಾಯಿತು. ಕೆಂದಿಯ ಸುದ್ದಿಗಲ್ಲ, ಚಿಕ್ಕಿಯ ಸುದ್ದಿಗೆ.

"ಡಾಕ್ಟ್ರಮ್ಮ, ಚಿಕ್ಕಿ ಕೆಚ್ಚಲು ತುಂಬೈತ್ರೀ. ಮೇವು ಮುಟ್ಟವಲ್ದು. ನಿಂತಲ್ಲಿ ನಿಲ್ಲವಲ್ದು."

ನನಗೆ ರೇಗಿತು. ಯಾವುದೋ ಟಗರು ಹಾರಿರಬೇಕು, ಕಟ್ಟಿ ಹಾಕಿ ಎಂದರೆ ನೀವು ಕೇಳಲಿಲ್ಲ ಎಂದು ಬೈದೆ. "ಹಾರಿದ್ರೆ ಹೊಟ್ಟೆ ಬರಬೇಕಿತ್ತಲ್ರೀ? ಬಂದು ನೋಡ್ರೀ ಒಮ್ಮೆ, ನಿಮಗೆ ಪುಣ್ಯ ಬರ್ತೈತೆ" ಎಂದು ಅವರು ಬಿಡಲಿಲ್ಲ. ಹೇಗೂ ಕೆಂದಿಯನ್ನು ನೋಡಲು ಸೊರಬದ ಕಡೆ ಹೋಗಬೇಕಿತ್ತು. ಬೆಳಿಗ್ಗೆ ಜೀಪು ತೆಗೆದುಕೊಂಡು ಮೊದಲು ಹಾಲವ್ವನ ಮನೆಗೆ ಹೋದೆ.

ರೊಪ್ಪದಲ್ಲಿ ಬೇರೆ ಕುರಿಗಳೆಲ್ಲ ಮೆಲುಕು ಹಾಕುತ್ತ ಮಲಗಿದ್ದವು. ಚಿಕ್ಕಿ ಒಂದೇ ನಿಂತಿತ್ತು. ನಿಂತಿತ್ತು ಎನ್ನುವುದೂ ಸುಳ್ಳು. ಹಗ್ಗ ಎಷ್ಟು ಬಿಡುತ್ತದೋ ಅಷ್ಟು ದೂರ ಹೋಗುವುದು, ಹಗ್ಗ ಜಗ್ಗಿದಾಗ ನೆಲ ಕೆರೆಯುವುದು, ಹಿಂದಕ್ಕೆ ಬರುವುದು, ಮತ್ತೆ ಅದೇ ಕಡೆ ಹೋಗುವುದು. ಗೂಟದ ಒಂದು ಪಕ್ಕದ ನೆಲ ಮಾತ್ರ ಕೆರೆದು ಕೆರೆದು ಗುಂಡಿಯಾಗಿತ್ತು. ನಾನು ತಂದಿದ್ದ ಸ್ಕ್ಯಾನ್ ಯಂತ್ರ ಹೊಟ್ಟೆಗೆ ಹಚ್ಚಿ ನೋಡಿದೆ. ಗರ್ಭಕೋಶ ಖಾಲಿ. ಕೆಲವು ಸಲ ಒಳಗೆ ಬರೀ ನೀರು ತುಂಬಿಕೊಂಡು ಸುಳ್ಳು ಗಬ್ಬ ಆಗುವುದುಂಟು, ಅದೂ ಇರಲಿಲ್ಲ. ಕೆಚ್ಚಲು ಬಾವು ಇರಬಹುದೆಂದು ಒತ್ತಿ ನೋಡಿದೆ. ಬಾವೂ ಅಲ್ಲ, ಬಿಸಿಯೂ ಇಲ್ಲ. ಅಂಗೈಗೆ ಎರಡು ಹನಿ ಬಂತು: ಮಂದವಾಗಿ, ಹಳದಿಯಾಗಿ, ಅಂಟಂಟಾಗಿ. ಅದು ಗಿಣ್ಣದ ಹಾಲು. ಈದ ಕುರಿಗೆ ಮೊದಲ ದಿನ ಬರುವ ಹಾಲು.

"ಏನ್ರೀ ಇದು?" ಎಂದರು ಹಾಲವ್ವ. "ಹಾರ್ಮೋನಿನ ಏರುಪೇರು" ಎಂದೆ. ಏನೂ ಗೊತ್ತಾಗದಿದ್ದಾಗ ನಾವು ಹೇಳುವ ಮಾತು ಅದು.

ಬಿಚ್ಚಿದರೆ ಏನು ಮಾಡುತ್ತದೆ ನೋಡೋಣ ಎಂದು ಹಗ್ಗ ಬಿಚ್ಚಿಸಿದೆ. ಚಿಕ್ಕಿ ರೊಪ್ಪ ದಾಟಿ, ಮನೆ ಮುಂದಿನ ಹಾದಿ ದಾಟಿ, ಶಿರಾಳಕೊಪ್ಪದ ರಸ್ತೆಗೆ ಇಳಿದು ನಡೆಯತೊಡಗಿತು. ಓಡಲಿಲ್ಲ, ಅತ್ತಿತ್ತ ನೋಡಲಿಲ್ಲ, ರಸ್ತೆಬದಿಯ ಹುಲ್ಲಿಗೆ ಬಾಯಿ ಹಾಕಲಿಲ್ಲ. ಹಾಲವ್ವ ಹಿಡಿದು ತಂದರು. ಮತ್ತೆ ಹೋಯಿತು. ಮತ್ತೆ ಹಿಡಿದು ತಂದಾಗ ತಲೆ ತಗ್ಗಿಸಿ ಅವರನ್ನೇ ಗುದ್ದಿತು. ಕೈತುತ್ತು ತಿಂದು ಬೆಳೆದ ಕುರಿ ಅದು. "ನನ್ನ ಗುದ್ದಿದ್ಯೇನೇ?" ಎಂದು ಅವರು ಮೊಣಕಾಲು ಹಿಡಿದುಕೊಂಡು ಕೂತುಬಿಟ್ಟರು. ನನಗೂ ಕೂತರೆ ಎದ್ದೇಳಬೇಕು ಅನ್ನಿಸುವುದು, ಎದ್ದರೆ ಎಲ್ಲಿಗೆ ಹೋಗಬೇಕೋ ಗೊತ್ತಾಗದು. ಬೆಳಿಗ್ಗೆ ಏನೂ ತಿನ್ನದೆ ಬಂದದ್ದಕ್ಕೆ ಹೀಗೆ ಎಂದುಕೊಂಡೆ.

ಅಷ್ಟರಲ್ಲಿ ರೇಣುಕಾಳ ಫೋನ್ ಬಂತು. ಕೆಂದಿ ಈದಿತ್ತು. ಹೆಣ್ಣುಮರಿ, ಕರಿ ಮೈ, ಹಣೆಯಲ್ಲಿ ಚಿಕ್ಕಿ ಇದೆ. ಹಾಲವ್ವನ ಮುಖ ಅರಳುವಷ್ಟರಲ್ಲಿ ರೇಣುಕಾ ಮುಂದುವರಿಸಿದಳು: "ಆದ್ರೆ ಮೇಡಂ, ಕೆಂದಿ ಅದನ್ನ ಹತ್ರಾನೇ ಸೇರಿಸ್ತಿಲ್ಲ. ನೆಕ್ಕಲೂ ಇಲ್ಲ. ಗುದ್ದಿ ಗುದ್ದಿ ದೂರ ಹಾಕ್ತದೆ. ಹಿಡ್ಕೊಂಡು ಕರೆದ್ರೂ ಹಾಲು ಇಳಿಸ್ತಿಲ್ಲ. ಮರಿ ಎದ್ದು ನಿಲ್ತಿಲ್ಲ. ಬೇಗ ಬನ್ನಿ."

ಹುಟ್ಟಿದ ಮರಿಗೆ ಗಿಣ್ಣದ ಹಾಲು ಬೇಗ ಹೊಟ್ಟೆಗೆ ಹೋಗಬೇಕು, ಇಲ್ಲದಿದ್ದರೆ ಉಳಿಯುವುದು ಕಷ್ಟ. ಐದು ತಿಂಗಳು ಕಾದು ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಆಗುವುದರಲ್ಲಿತ್ತು. ಚಿಕ್ಕಿಯ ಹಾಲನ್ನು ಬಾಟಲಿಗೆ ಕರೆದುಕೊಂಡು ಹೋಗೋಣ ಎಂದು ಕೂತೆ. ಅದು ಸುತರಾಂ ತೊರೆ ಬಿಡಲಿಲ್ಲ. ಹಾಲನ್ನು ಮೇಲಕ್ಕೆ ಏರಿಸಿಕೊಂಡು ನಿಂತಿತು. "ಕುರೀನೇ ಹೊತ್ತಾಕ್ಕೊಂಡು ಹೋಗೋಣ ನಡೀರಿ" ಎಂದರು ಹಾಲವ್ವ. ಒಂದು ಹಿಂಡಿನ ಕುರಿಯನ್ನು ಇನ್ನೊಂದು ಹಿಂಡಿಗೆ ಹಾಗೆಲ್ಲ ಒಯ್ಯಬಾರದು, ರೋಗ ರುಜಿನ, ಉಣ್ಣೆಹುಳ ಅಂಟುತ್ತವೆ ಎಂದು ನಾನು ತಕರಾರು ತೆಗೆಯುವುದರಲ್ಲಿದ್ದೆ. ಚಿಕ್ಕಿ ಆಗಲೇ ಜೀಪಿನ ಹಿಂಬಾಗಿಲ ಹತ್ತಿರ ಹೋಗಿ ನಿಂತಿತ್ತು.

ದಾರಿಯುದ್ದಕ್ಕೂ ಚಿಕ್ಕಿ ಕೂರಲಿಲ್ಲ. ಹಿಂದೆ ಹಾಲವ್ವ ಹಗ್ಗ ಹಿಡಿದು ಕೂತಿದ್ದರು. ಅದು ಮುಂದಕ್ಕೆ ಮುಖ ಮಾಡಿ, ಕಾಲೂರಿ ನಿಂತಿತ್ತು. ಶಿರಾಳಕೊಪ್ಪದಲ್ಲಿ ಹಾಲೂಡಿಸುವ ಬಾಟಲಿ ಕೊಳ್ಳಲು ಜೀಪನ್ನು ಹಿಂದಕ್ಕೆ ತಿರುಗಿಸಿ ಔಷಧಿ ಅಂಗಡಿಯ ಮುಂದೆ ನಿಲ್ಲಿಸಿದೆ. ಇಳಿದು ಬಂದು ನೋಡಿದರೆ, ಇಕ್ಕಟ್ಟಿನಲ್ಲೇ ಹೊರಳಿ, ಹಾಲವ್ವನ ಮಡಿಲು ತುಳಿದು, ಅದು ಈಗ ಹಿಂಬಾಗಿಲ ಕಡೆ ಮುಖ ಮಾಡಿತ್ತು. ಸೊರಬದ ದಿಕ್ಕು ಈಗ ಆ ಕಡೆ. ಜೀಪು ಮತ್ತೆ ತಿರುಗಿಸಿದೆ; ಅದೂ ತಿರುಗಿತು. ನಾನೂ ಹಾಲವ್ವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಜೀಪಿನ ವೇಗ ಹೆಚ್ಚಿಸಿದೆ.

ಹೊಸಬಾಳೆ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಅಂಗಳದಲ್ಲಿ ಗಿರಿಜಮ್ಮ ತಲೆ ಮೇಲೆ ಕೈ ಹೊತ್ತು ನಿಂತಿದ್ದರು. "ಎಂತ ಹೇಳೂದು ಮಾರಾಯ್ತಿ, ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇದ್ಕೆ ತಾನು ಹೆತ್ತಿದ್ದೇ ಬ್ಯಾಡ!" ಎಂದರು. ಅವರು ಕೈಕಟ್ಟಿ ಕೂತಿರಲಿಲ್ಲ. ಅವತ್ತೇ ಈದ ಇನ್ನೊಂದು ಕುರಿಯ ಕಸವನ್ನು, ಅಂದರೆ ಈದ ಮೇಲೆ ಬೀಳುವ ಮಾಸನ್ನು, ಈ ಮರಿಯ ಮೈಗೆಲ್ಲ ಸವರಿ ಆ ಕುರಿಯ ಮುಂದೆ ಬಿಟ್ಟಿದ್ದರು. ತಬ್ಬಲಿ ಮರಿಯನ್ನು ಬೇರೆ ತಾಯಿಗೆ ಹಚ್ಚುವಾಗ ಎಲ್ಲರೂ ಮಾಡುವ ಉಪಾಯ ಅದು. ತನ್ನದೇ ವಾಸನೆ ಬಂದರೆ ಕುರಿ ತನ್ನದೆಂದು ಒಪ್ಪಿಕೊಳ್ಳುತ್ತದೆ. ಆ ಕುರಿಯೂ ಒಪ್ಪಿರಲಿಲ್ಲ. ಕೊನೆಗೆ ಮರಿಯನ್ನು ಮನೆಯ ಹಿಂದಿನ ಹುಲ್ಲಿನ ಕೊಟ್ಟಿಗೆಯಲ್ಲಿ, ಬೆಚ್ಚಗಿರಲೆಂದು ಗೋಣಿ ಹೊದಿಸಿ ಬುಟ್ಟಿ ಮುಚ್ಚಿ ಇಟ್ಟಿದ್ದರು.

ಜೀಪಿನ ಬಾಗಿಲು ತೆಗೆದದ್ದೇ ತಡ ಚಿಕ್ಕಿ ಹಾರಿತು. ಹಗ್ಗ ಹಾಲವ್ವನ ಕೈಯಿಂದ ಕಿತ್ತುಕೊಂಡು ಹೋಯಿತು. ಅಂಗಳದಲ್ಲಿ ನಾಲ್ಕಾರು ಕುರಿಗಳಿದ್ದವು, ಮರಿಗಳೂ ಇದ್ದವು, ಒಂದೆರಡು ಕರಿ ಮರಿಗಳೇ. ಅವುಗಳ ಕಡೆ ಅದು ಮೂತಿಯನ್ನೂ ತಿರುಗಿಸಲಿಲ್ಲ. ಎಂದೂ ಕಾಲಿಡದ ಮನೆಯ ಪಕ್ಕದ ಓಣಿಯಲ್ಲಿ ನುಗ್ಗಿ, ಹಿತ್ತಿಲು ಸುತ್ತಿ, ಕೊಟ್ಟಿಗೆಯೊಳಗೆ ಹೋಯಿತು. ನಾವೆಲ್ಲ ಹಿಂದೆ ಓಡಿದೆವು. ಬುಟ್ಟಿಯ ಮುಂದೆ ನಿಂತು ಅದು ಒಂದು ದನಿ ತೆಗೆದಿತ್ತು. ಬಾಯಿ ತೆರೆಯದೆ, ಗಂಟಲೊಳಗೇ ನಡುಗುವ ಸಣ್ಣ ದನಿ. ಕುರಿ ಸಾಕಿದವರಿಗೆಲ್ಲ ಆ ದನಿ ಗೊತ್ತು: ಈದ ಕುರಿ ತನ್ನ ಹಸಿ ಮರಿಯನ್ನು ಮಾತಾಡಿಸುವ ದನಿ. ಬುಟ್ಟಿಯೊಳಗಿಂದ ಮರಿ ಓಗೊಟ್ಟಿತು.

ರೇಣುಕಾ ಬುಟ್ಟಿ ಎತ್ತಿದಳು. ಚಿಕ್ಕಿ ಗೋಣಿಯನ್ನು ಮೂತಿಯಿಂದ ಸರಿಸಿ ಮರಿಯನ್ನು ತಲೆಯಿಂದ ಬಾಲದವರೆಗೆ ನೆಕ್ಕಿತು. ಎರಡು ಕುರಿಗಳ ವಾಸನೆ ಮೆತ್ತಿದ್ದ ಮೈ ಅದು, ಚಿಕ್ಕಿಯ ವಾಸನೆ ಎಂಬುದು ಒಂದಿಷ್ಟೂ ಇರಲಿಕ್ಕೆ ಸಾಧ್ಯವಿಲ್ಲ. ಎದ್ದು ನಿಲ್ಲದ ಮರಿ ಎದ್ದಿತು, ಬಿದ್ದಿತು, ಮತ್ತೆ ಎದ್ದು ಕೆಚ್ಚಲು ಹುಡುಕಿ ಬಾಯಿ ಹಾಕಿತು. ನಮಗೆ ಬಿಡದಿದ್ದ ಹಾಲನ್ನು ಚಿಕ್ಕಿ ಬಿಟ್ಟಿತು. ಮರಿಯ ಬಾಲ ಅಲ್ಲಾಡುವುದನ್ನು ನೋಡಿ ಹಾಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದರು. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಸಂತೋಷಕ್ಕೆ ಎಂದು ಮಾತ್ರ ಹೇಳಲಾರೆ. ನನಗೆ ಹೆದರಿಕೆಯಾಗಿತ್ತು.

ಗಿರಿಜಮ್ಮ ಮೊದಲು ಸುಧಾರಿಸಿಕೊಂಡರು. "ನೋಡೇ ರೇಣುಕಾ, ಬಳುವಳಿ ತಡ ಆದ್ರೂ ತಾಯಿ ಸಮೇತ ಬಂತು. ನಾನಿನ್ನು ಬಾಯಿ ಬಿಡೂದಿಲ್ಲ" ಎಂದರು. ಎಲ್ಲರೂ ನಕ್ಕೆವು. ಚಿಕ್ಕಿಯನ್ನು ಇಲ್ಲೇ ಬಿಟ್ಟು ಹೋಗುತ್ತೇನೆ, ಮರಿಯನ್ನು ಅಗಲಿಸಲಾರೆ ಎಂದು ಹಾಲವ್ವ ಮಗಳ ಕೈಗೆ ಹಗ್ಗ ಕೊಟ್ಟರು. ನಾನು ಅಭ್ಯಾಸಬಲದಿಂದ ಮರಿಯದೂ ಎರಡೂ ಕುರಿಗಳದೂ ರಕ್ತ ತೆಗೆದುಕೊಂಡೆ. ಆಮೇಲೆ ಪರೀಕ್ಷೆ ಮಾಡಿಸಿದೆ. ಮರಿ ಚಿಕ್ಕಿಯದೇ. ಅದರಲ್ಲಿ ಸಂಶಯವಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಊಟ ಮುಗಿಸಿ ಕೈತೊಳೆಯಲು ಹೊರಗೆ ಬಂದಾಗ ಇನ್ನೊಂದು ಕೂಗು ಕೇಳಿತು. ನಾವು ಯಾರೂ ಅಷ್ಟು ಹೊತ್ತು ಕೆಂದಿಯ ಕಡೆ ನೋಡಿರಲೇ ಇಲ್ಲ. ಅದು ಬೇಲಿಗೆ ಎದೆ ಒತ್ತಿಕೊಂಡು, ಬಾಯಿ ಪೂರ್ತಿ ತೆರೆದು ಕೂಗುತ್ತಿತ್ತು. ಕೆಚ್ಚಲಿನಿಂದ ಹಾಲು ತಾನೇ ತೊಟ್ಟಿಕ್ಕುತ್ತಿತ್ತು.

ಬುದ್ಧಿ ಬಂತು ನೋಡಿ ಎಂದು ರೇಣುಕಾ ಮರಿಯನ್ನು ಎತ್ತಿ ತಂದು ಅದರ ಮುಂದೆ ಬಿಟ್ಟಳು. ಕೆಂದಿ ಮೂಸಿತು. ಎರಡು ಹೆಜ್ಜೆ ಹಿಂದೆ ಸರಿಯಿತು. ಈ ಸಲ ಗುದ್ದಲಿಲ್ಲ. ಮರಿಯ ತಲೆಯ ಮೇಲಿನಿಂದ ಅಂಗಳದ ಆಚೆ ನೋಡುತ್ತ ಮತ್ತೆ ಕೂಗತೊಡಗಿತು. ತನ್ನ ಮರಿ ಕಾಲ ಹತ್ತಿರವೇ ನಿಂತಿದೆ, ಅದು ತನ್ನ ಮರಿಯನ್ನು ಕರೆಯುತ್ತಿದೆ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮರಿಯ ಮೈ ಒರೆಸಿ ತಂದು ನಿಲ್ಲಿಸಿದೆವು. ಮೂಸಿತು, ಸರಿಯಿತು, ಕೂಗಿತು. ಆ ಹೊತ್ತಿಗೆ ನನಗೆ ನನ್ನ ತಟ್ಟೆಯ ಕೋಶಗಳು ಕಣ್ಣೆದುರು ಬಂದವು. ಹೊರಗಿನ ಸಕ್ಕರೆ ಸುರಿದಾಗ ತಮ್ಮವರ ಪಕ್ಕದಲ್ಲೇ ಇದ್ದು ತಮ್ಮವರನ್ನು ಕಾಣದೆ ಸಡಿಲಾಗುತ್ತವಲ್ಲ, ಆ ಕೋಶಗಳು. ಎರಡನೆಯ ಕುರಿಯ ಕಸ ಸವರಿದ್ದರಿಂದ ಹೀಗಾಯಿತೇ ಎಂದು ನಾನು ಬಾಯಿಬಿಟ್ಟು ಕೇಳಿಬಿಟ್ಟೆ. ಗಿರಿಜಮ್ಮನ ಮುಖ ಸಣ್ಣದಾಯಿತು. "ನಾನು ಮರಿ ಉಳೀಲಿ ಅಂತ ಮಾಡಿದ್ದು" ಎಂದರು. ಅವರದೇನೂ ತಪ್ಪಿಲ್ಲ, ಸವರುವ ಮೊದಲೇ ಕೆಂದಿ ಗುದ್ದಿತ್ತಲ್ಲ. ಹಾಗಾದರೆ ಮೊದಲು ಗುದ್ದಿದ್ದು ಯಾಕೆ? ಐದು ತಿಂಗಳು ತನ್ನ ರಕ್ತದಲ್ಲಿ ಬೆಳೆಸಿ, ತಾನೇ ನೋವು ತಿಂದು ಈದ ಮರಿಯನ್ನು, ತನ್ನದೇ ನೀರಿನಲ್ಲಿ ತೊಯ್ದಿದ್ದ ಮರಿಯನ್ನು, ನನ್ನದಲ್ಲ ಎಂದು ಅದಕ್ಕೆ ಹೇಳಿದವರು ಯಾರು? ಅದು ಬೇಡವಾದರೆ ಈಗ ಕರೆಯುತ್ತಿರುವುದು ಯಾವುದನ್ನು?

ಹೊರಡುವ ಹೊತ್ತಿಗೂ ಕೂಗು ನಿಂತಿರಲಿಲ್ಲ. ಹಾಲವ್ವ ಜೀಪು ಹತ್ತಲು ಹೋದವರು ಇಳಿದು ಬೇಲಿಯ ಹತ್ತಿರ ಹೋಗಿ ನಿಂತರು.

"ಇದನ್ನ ನಾ ಕರ್ಕೊಂಡು ಹೋಗ್ತೀನಿ" ಎಂದರು.

"ಯಾಕವ್ವಾ?" ಎಂದಳು ರೇಣುಕಾ.

"ಯಾಕೇನೇ? ಹೆತ್ತಾಳೆ. ಬಾಣಂತನಕ್ಕೆ ತವರಿಗೆ ಕರ್ಕೊಂಡು ಹೋಗಬ್ಯಾಡ್ವಾ?"

ಯಾರಾದರೂ ನಗುತ್ತಾರೆಂದು ನಾನು ನೋಡಿದೆ. ಯಾರೂ ನಗಲಿಲ್ಲ. ಗಿರಿಜಮ್ಮ ಒಳಗೆ ಹೋಗಿ ಕುಂಕುಮ ತಂದು ಕೆಂದಿಯ ಹಣೆಗೆ ಇಟ್ಟರು; ಬಾಣಂತಿಯನ್ನು ಕಳಿಸುವಾಗ ಇಡುವ ಹಾಗೆ ಹಗ್ಗಕ್ಕೆ ಒಂದು ಎಸಳು ಬೇವಿನ ಸೊಪ್ಪು ಸಿಕ್ಕಿಸಿದರು. ನಾನು ತಕರಾರು ತೆಗೆಯಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಕೆಂದಿ ನಿಂತದ್ದು ಹಿಂದಕ್ಕೆ ಮುಖ ಮಾಡಿಕೊಂಡು. ಹೊಸಬಾಳೆಯ ಕಡೆಗೆ. ಹಾಲವ್ವ ಅದರ ಕುತ್ತಿಗೆ ತಬ್ಬಿಕೊಂಡು ಏನೇನೋ ಹೇಳುತ್ತಿದ್ದರು. ಮನೆ ಮುಟ್ಟಿದ ಮೇಲೆ ಒಲೆ ಹಚ್ಚಿ ಬಿಸಿನೀರು ಕಾಯಿಸಿ ಅದರ ಸೊಂಟಕ್ಕೆ ಹೊಯ್ದರು, ಬೆಲ್ಲ ಶುಂಠಿ ಕುಟ್ಟಿ ತಿನ್ನಿಸಲು ನೋಡಿದರು. ಬೆಲ್ಲ ಕಂಡರೆ ಬಿಡದ ಪ್ರಾಣಿ ಬಾಯಿ ಹಾಕಲಿಲ್ಲ. ಹೊತ್ತು ಮುಳುಗುತ್ತಿತ್ತು. ನಾನು ತಡೆಯಲಾರದೆ ಕೇಳಿದೆ: "ಹಾಲವ್ವ, ಇದಕ್ಕೆ ಮರಿ ಬೇಡವಾಗಿತ್ತಲ್ಲ. ಮತ್ತೆ ಯಾಕೆ ಹೀಗೆ ಕೂಗುತ್ತದೆ?"

"ನಂಗೇನ್ ಗೊತ್ರೀ" ಎಂದರು ಅವರು. "ಓದಿದೋರು ನೀವು. ನೀವ್ ಹೇಳ್ರಿ."

ಚಿಕ್ಕಿಗೆ ಹೇಗೆ ಗೊತ್ತಾಯಿತು ಎಂದು ಆಮೇಲೆ ಎಷ್ಟೋ ಜನರನ್ನು ಕೇಳಿದ್ದೇನೆ; ಕಾಕತಾಳೀಯ ಎಂದವರಿದ್ದಾರೆ, ನನಗೆ ಬಿಸಿಲು ಬಡಿದಿತ್ತು ಎಂದವರೂ ಇದ್ದಾರೆ. ಕೆಂದಿಯ ಬಗ್ಗೆ ಮಾತ್ರ ನಾನು ಯಾರನ್ನೂ ಕೇಳಿಲ್ಲ. ಹಾಲವ್ವ ಈಗಲೂ ಫೋನ್ ಮಾಡುತ್ತಾರೆ: ಹೊಸಬಾಳೆಯಲ್ಲಿ ಚಿಕ್ಕಿಯ ಮಗಳು ಈದಳಂತೆ, ಅದೂ ಹೆಣ್ಣಂತೆ, ರೇಣುಕಾ ಬಹಳ ಚೆನ್ನಾಗಿದ್ದಾಳಂತೆ. ಎಲ್ಲ ಕೇಳುತ್ತೇನೆ, ಸಂತೋಷಪಡುತ್ತೇನೆ. ಕೆಂದಿ ಆ ಕೂಗನ್ನು ನಿಲ್ಲಿಸಿದ್ದು ಯಾವಾಗ ಎಂದು ಕೇಳಲು ನನಗೆ ಧೈರ್ಯ ಬಂದಿಲ್ಲ, ಅವರಾಗಿಯೂ ಹೇಳಿಲ್ಲ.